ಕೊಡಗಿಂದ ಫಾರಿನ್‌ಗೆ ಹೊರಟಾಗ ಬ್ಯಾಗಲ್ಲಿ ಏನಿರ್ಬೇಕು, ಏನಿರ್ಬಾರ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಗೋಣಿಕೊಪ್ಪ ಕಡೆ. ಮನೇಲಿ, ನೆಂಟರಲ್ಲಿ ಯಾರಾದ್ರೂ ಹೊರದೇಶಕ್ಕೆ ಹೊರಟ್ರೆ ಬ್ಯಾಗ್ ಕಟ್ಟೋ ಕೆಲಸ ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ, ದುಬೈಗೆ ಕೆಲಸಕ್ಕೆ ಹೋದ ತಮ್ಮನಿಂದ ಹಿಡಿದು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದ ಅತ್ತೆ ತನಕ. ಎಲ್ಲರೂ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಆಗಿರೋದ್ರಿಂದ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೀನಿ. ಹಲ್ಲುಜ್ಜೋ ಬ್ರಷ್, ಟವೆಲ್ ಅಂತ ಲಿಸ್ಟ್ ಎಲ್ಲಿ ಬೇಕಾದ್ರೂ ಸಿಗುತ್ತೆ. ನಮ್ಮವರಿಗೆ ತೊಂದರೆ ಆಗೋದು ತೋಟದಿಂದ, ಅಡಿಗೆಮನೆಯಿಂದ ಗೊತ್ತಿಲ್ದೇ ಬ್ಯಾಗ್ ಸೇರ್ಕೊಳ್ಳೋ ಸಾಮಾನಿಂದ, ಹಾಗಾಗಿ ಅದರ ಬಗ್ಗೆನೇ ಜಾಸ್ತಿ ಬರೆದಿದ್ದೀನಿ.

ಪ್ಯಾಕಿಂಗ್ ಎಲ್ಲಿಂದ ಶುರು ಮಾಡ್ಬೇಕು?

ತುಂಬೋದ್ರಿಂದ ಅಲ್ಲ, ಖಾಲಿ ಮಾಡೋದ್ರಿಂದ. ಸೂಟ್‌ಕೇಸ್ ಅಟ್ಟದಿಂದ ಇಳಿಸಿ ಬಿಸಿಲಿಗೆ ಇಡಿ, ಮಳೆಗಾಲ ಆದ್ರೆ ಒಲೆ ಹತ್ರ ಇಡಿ. ನಮ್ಮಲ್ಲಿ ಒಂದು ಮಳೆಗಾಲ ಕಳೆದ್ರೆ ಸಾಕು ಬಟ್ಟೆ ಲೈನಿಂಗ್ ಮೇಲೆಲ್ಲಾ ಬಿಳಿ ಬೂಷ್ಟು ಬಂದಿರುತ್ತೆ, ಅದರ ಮೇಲೇ ಒಳ್ಳೆ ಬಟ್ಟೆ ಇಟ್ರೆ 20 ಗಂಟೆ ಪ್ರಯಾಣ ಮುಗಿಸಿ ತೆಗೆಯೋವಾಗ ಎಲ್ಲಾ ಬಟ್ಟೇನೂ ಅದೇ ವಾಸನೆ. ವಿನೆಗರ್ ಹಾಕಿದ ಬಟ್ಟೆಲಿ ಒರೆಸಿ, ಎರಡು ದಿನ ಬಾಯಿ ತೆರೆದಿಡಿ.

ಆಮೇಲೆ ಪ್ರತಿ ಜೇಬು, ಪ್ರತಿ ಜಿಪ್, ಲೈನಿಂಗ್ ಹರಿದಿದ್ರೆ ಅದರೊಳಗೆ ಕೂಡ ಕೈ ಹಾಕಿ ನೋಡಿ. ಯಾಕೆ ಅಂತ ಮುಂದಿನ ಪ್ರಶ್ನೇಲಿ ಹೇಳ್ತೀನಿ.

ಮನೇಲಿ ಕೋವಿ ಇದೆ, ಆದ್ರೆ ನಾವೇನೂ ಅದನ್ನ ತಗೊಂಡು ಹೋಗ್ತಿಲ್ಲ. ಅದಕ್ಕೂ ಪ್ಯಾಕಿಂಗ್‌ಗೂ ಏನ್ ಸಂಬಂಧ?

ತುಂಬಾ ಇದೆ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದೋದಾದ್ರೆ ಇದನ್ನ ಓದಿ ಸಾಕು.

ಕೋವಿ ಯಾರೂ ತಗೊಂಡು ಹೋಗಲ್ಲ, ಅದಕ್ಕೆ ಹಾಕೋ ಕಾರ್ಟ್ರಿಜ್ (ತೋಟಾ) ಹೋಗಿಬಿಡುತ್ತೆ. ಪುತ್ತರಿ ಅನ್ನೋ ನಮ್ಮ ಸುಗ್ಗಿ ಹಬ್ಬದ ದಿನ ಕದಿರು ತೆಗೆಯೋವಾಗ ಗುಂಡು ಹಾರಿಸೋಕೆ ಹಾಕ್ಕೊಂಡು ಹೋದ ಜಾಕೆಟ್, ಕೈಲ್ ಪೋದ್ ಅನ್ನೋ ಆಯುಧದ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡೋಕೆ ಹೋದಾಗ ಹೆಗಲಲ್ಲಿದ್ದ ಚೀಲ, ರಾತ್ರಿ ಆನೆ ಓಡಿಸೋಕೆ ಹೊರಟಾಗ ಅವಸರದಲ್ಲಿ ಎತ್ಕೊಂಡ ಬ್ಯಾಗ್, ಇವುಗಳಲ್ಲಿ ಒಂದು ಮೂಲೇಲಿ ಒಂದು ಉಳ್ಕೊಂಡಿರುತ್ತೆ. ಆರು ತಿಂಗಳಾದ್ಮೇಲೆ ಅದೇ ಜಾಕೆಟ್ ಚಳಿಗೆ ಅಂತ ಸೂಟ್‌ಕೇಸ್ ಸೇರುತ್ತೆ. ನನ್ನ ದೊಡ್ಡಪ್ಪನಿಗೆ ಹೀಗೇ ಆಯ್ತು. ಸ್ಕ್ಯಾನ್ ಮಾಡೋವ್ರು ಬ್ಯಾಗ್ ಪಕ್ಕಕ್ಕೆ ಎಳೆದು, ಒಳಜೇಬಿಂದ ಹಿತ್ತಾಳೆ ತಳ ಇರೋ ಕೆಂಪು ಕಾರ್ಟ್ರಿಜ್ ಒಂದು ತೆಗೆದು ಸ್ಟೀಲ್ ಟ್ರೇ ಮೇಲಿಟ್ರು, ಟಣ್ ಅಂತ ಸದ್ದಾಯ್ತು. ದೊಡ್ಡಪ್ಪನ ಮುಖ ಬಿಳಿಚಿಹೋಯ್ತು, ಅವರಿಗೆ ಅದು ಅಲ್ಲಿದೆ ಅಂತಾನೇ ಗೊತ್ತಿರ್ಲಿಲ್ಲ. ಫ್ಲೈಟ್ ಅಂತೂ ಹೋಯ್ತು, ಪೊಲೀಸ್ ಸ್ಟೇಷನ್, ಹೇಳಿಕೆ, ವಕೀಲರು ಅಂತ ತಿಂಗಳುಗಟ್ಟಲೆ ಓಡಾಟ.

ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಅದರ ಪತ್ರ ತೋರಿಸಿದ್ರೆ ಬಿಡ್ತಾರೆ ಅಂತ ಕೆಲವರು ಅಂದ್ಕೊಂಡಿದ್ದಾರೆ. ಆ ಪತ್ರ ತೋರಿಸಿ ಕಾರ್ಟ್ರಿಜ್ ಇಟ್ಕೊಂಡು ವಿಮಾನ ಹತ್ತೋಕಾಗಲ್ಲ. ಖಾಲಿ ಖೋಲು ಇದ್ರೂ ಪ್ರಶ್ನೆ ಮಾಡ್ತಾರೆ. ಅದಕ್ಕೇ ಹೇಳೋದು, ಗುಂಡು ಹಾರಿಸೋಕೆ, ತೋಟಕ್ಕೆ ಹಾಕೋ ಜಾಕೆಟ್ಟು, ಚೀಲ ಯಾವತ್ತೂ ಪ್ರಯಾಣಕ್ಕೆ ಬೇಡ. ಬೇರೇನೇ ಇಟ್ಕೊಳ್ಳಿ.

ಪಾಸ್‌ಪೋರ್ಟ್, ವೀಸಾ ಬಿಟ್ಟು ಇನ್ನೇನು ಪೇಪರ್ ಬೇಕು?

ಮೊದ್ಲು ಪಾಸ್‌ಪೋರ್ಟ್‌ನ ಕೊನೆ ದಿನಾಂಕ ನೋಡಿ. ಎಷ್ಟೋ ದೇಶಗಳು ಇನ್ನೂ 6 ತಿಂಗಳು ಬಾಕಿ ಇರ್ಬೇಕು ಅಂತಾವೆ. ಯುರೋಪಿನ ಷೆಂಗನ್ ದೇಶಗಳಿಗೆ ಅಲ್ಲಿಂದ ಹೊರಡೋ ದಿನದಿಂದ ಲೆಕ್ಕ ಹಾಕಿ 3 ತಿಂಗಳಾದ್ರೂ ಬಾಕಿ ಇರ್ಬೇಕು, ಜೊತೆಗೆ 30,000 ಯೂರೋ ಕವರ್ ಆಗೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ.

ಎರಡನೇದು ಹೆಸರು. ನಮ್ಮ ಕಡೆ ಮನೆತನದ ಹೆಸರು ಮೊದ್ಲು ಬರುತ್ತೆ, ಒಬ್ಬರು ಅದನ್ನ ಸರ್‌ನೇಮ್ ಜಾಗದಲ್ಲಿ ಹಾಕಿರ್ತಾರೆ, ಇನ್ನೊಬ್ಬರು ಇನಿಷಿಯಲ್ ಬಿಡಿಸಿ ಬರೆಸಿರ್ತಾರೆ, ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಥರ. ಟಿಕೆಟ್ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ, ಒಂದಕ್ಷರ ಬಿಡದೆ ಮಾಡಿಸ್ಬೇಕು. ಸರ್‌ನೇಮ್ ಜಾಗ ಖಾಲಿ ಇದ್ದು ಒಂದೇ ಹೆಸರಿರೋ ಪಾಸ್‌ಪೋರ್ಟ್ ಆದ್ರೆ, ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾಗೆ ತಡೆ ಹಾಕಿದೆ, ಟಿಕೆಟ್ ತಗೊಳ್ಳೋಕೆ ಮುಂಚೆ ವಿಚಾರಿಸಿ. ಹತ್ತನೇ ಕ್ಲಾಸ್ ಪಾಸಾಗದೆ ಗಲ್ಫ್‌ಗೆ ಕೆಲಸಕ್ಕೆ ಹೋಗೋ ಹುಡುಗರಿಗೆ ಇಸಿಆರ್ (ಹೊರದೇಶಕ್ಕೆ ಕೆಲಸಕ್ಕೆ ಹೋಗೋಕೆ ಸರ್ಕಾರದ ಅನುಮತಿ ಬೇಕಾದ) ಪಾಸ್‌ಪೋರ್ಟ್ ಇರುತ್ತೆ, ಅವರು ಎಮಿಗ್ರೇಷನ್ ಕ್ಲಿಯರೆನ್ಸ್ ಇಲ್ದೆ ಏರ್‌ಪೋರ್ಟ್‌ಗೆ ಹೋದ್ರೆ ವಾಪಸ್ ಬರ್ಬೇಕಾಗುತ್ತೆ.

ಸಿಂಗಾಪುರ, ಮಲೇಷ್ಯಾ, ಥೈಲ್ಯಾಂಡ್ ಮೂರಕ್ಕೂ ಈಗ ಆನ್‌ಲೈನ್ ಅರೈವಲ್ ಕಾರ್ಡ್ ಇದೆ, ತಲುಪೋ 3 ದಿನದ ಒಳಗೆ ತುಂಬ್ಬೇಕು. ಇಲ್ಲಿ ನಮ್ಮೂರಿನ ಸಮಸ್ಯೆ ಒಂದಿದೆ. ಜೂನ್‌ನಿಂದ ಆಗಸ್ಟ್ ತನಕ ಮರ ಬಿದ್ದು ಕರೆಂಟ್ ಹೋದ್ರೆ ಟವರ್ ಕೂಡ ಹೋಗುತ್ತೆ, ಕೊನೆ ದಿನ ನೆಟ್‌ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತೋ ಪರಿಸ್ಥಿತಿ. ಹಾಗಾಗಿ ಟಿಕೆಟ್, ವೀಸಾ, ಇನ್ಶೂರೆನ್ಸ್, ಹೋಟೆಲ್ ಎಲ್ಲದರದ್ದೂ ವಾರ ಮುಂಚೆನೇ ಎರಡು ಸೆಟ್ ಪ್ರಿಂಟ್ ತೆಗೆದು ಒಂದು ಕೈಚೀಲಕ್ಕೆ, ಒಂದು ದೊಡ್ಡ ಬ್ಯಾಗ್‌ಗೆ ಹಾಕಿ.

ಕಾಚಂಪುಳಿ ತಗೊಂಡು ಹೋಗ್ಬಹುದಾ?

ನಮ್ಮ ಹಣ್ಣಿನ ಹುಳಿ ರಸ ತಾನೇ, ತಗೊಂಡು ಹೋಗ್ಬಹುದು, ಚೆಕ್ ಇನ್ ಬ್ಯಾಗಲ್ಲಿ ಮಾತ್ರ. ಕ್ಯಾಬಿನ್‌ನಲ್ಲಿ ದ್ರವ ಏನೇ ಇದ್ರೂ ಒಂದು ಬಾಟಲ್ 100 ಎಂಎಲ್ ಮೀರಂಗಿಲ್ಲ, ಎಲ್ಲಾ ಸೇರಿ 1 ಲೀಟರ್‌ನ ಪಾರದರ್ಶಕ ಕವರ್‌ನಲ್ಲಿ ಹಿಡೀಬೇಕು.

ಕಟ್ಟೋದು ಹೇಗೆ ಅನ್ನೋದೇ ಮುಖ್ಯ. ಒಂದ್ಸಲ ನಾನು ಗಾಜಿನ ಬಾಟಲ್‌ಗೆ ಕಂಠ ಮಟ್ಟ ತುಂಬಿ, ಮುಚ್ಚಳದ ಮೇಲೆ ಟೇಪ್ ಸುತ್ತಿ, ಎರಡು ಸೀರೆ ಮಧ್ಯೆ ಮೆತ್ತಗೆ ಇರ್ಲಿ ಅಂತ ಇಟ್ಟು ಕಳಿಸಿದ್ದೆ. ಅಕ್ಕ ಅಲ್ಲಿ ಬ್ಯಾಗ್ ತೆಗೆದು ವಿಡಿಯೋ ಕಾಲ್ ಮಾಡಿದ್ರು. ಮುಚ್ಚಳ ಬಿಗಿಯಾಗೇ ಇತ್ತು, ಟೇಪ್ ಕೂಡ ಹಾಗೇ ಇತ್ತು, ಆದ್ರೆ ಟೇಪಿನ ಅಡಿಯಿಂದ ಟಾರ್ ಥರ ಕಪ್ಪಗೆ ಇಳಿದು ಮದುವೆಗೆ ಅಂತ ಇಟ್ಟಿದ್ದ ಕೆನೆ ಬಣ್ಣದ ರೇಷ್ಮೆ ಸೀರೆ ಅಂಚಿಂದ ಸೆರಗಿನ ತನಕ ಮಡಿಕೆ ಮಡಿಕೆಗೂ ಹರಡಿತ್ತು. ಎಷ್ಟು ತೊಳೆದ್ರೂ ಹೋಗ್ಲಿಲ್ಲ. ಆ ಸೀರೆ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಮೇಲೆ ಹೋದಾಗ ಗಾಳಿ ಒತ್ತಡ ಕಮ್ಮಿ ಆಗುತ್ತೆ, ಬಾಟಲ್ ಒಳಗಿರೋ ಗಾಳಿ ಹಿಗ್ಗಿ ದಾರಿ ಹುಡುಕುತ್ತೆ, ಆಗ ಎದುರಿಗಿರೋ ರಸಾನೂ ತಳ್ಕೊಂಡು ಹೊರಗೆ ಬರುತ್ತೆ.

ಈಗ ನಾನು ಮಾಡೋದು ಹೀಗೆ. ದಪ್ಪ ಪ್ಲಾಸ್ಟಿಕ್ ಬಾಟಲ್, ಒಳಗೆ ಬಿರಡೆ ಇರೋದು. ಮುಕ್ಕಾಲು ಭಾಗ ತುಂಬಿ ಸ್ವಲ್ಪ ಹಿಚುಕಿ ಗಾಳಿ ಹೊರಗೆ ಹಾಕಿ ಮುಚ್ಚಳ ತಿರುಗಿಸೋದು, ಆಗ ಹಿಗ್ಗೋಕೆ ಬಾಟಲ್‌ಗೇ ಜಾಗ ಸಿಗುತ್ತೆ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಜಿಪ್ ಕವರ್ ಎರಡು, ಆಮೇಲೆ ಗಟ್ಟಿ ಡಬ್ಬಿ. ಡಬ್ಬಿ ಒಳಗೆ ಹಳೆ ಟವೆಲ್ ತುಂಡು. ಬಟ್ಟೆ ಮಧ್ಯೆ ಇಡ್ಬೇಡಿ, ಶೂ ಪಕ್ಕ ಇಡಿ. ಕಾಲು ಲೀಟರ್ ಬಾಟಲ್ ಎರಡು ಸಾಕು, ಪಂದಿ (ಹಂದಿ) ಕರಿಗೆ ಹಾಕೋದು ಒಂದೆರಡು ಚಮಚ ತಾನೇ. ಮೇಲೆ ಲೇಬಲ್ ಅಂಟಿಸಿ, ಇಂಗ್ಲಿಷ್‌ನಲ್ಲಿ ಇದು ಅಡಿಗೆಗೆ ಹಾಕೋ ಹಣ್ಣಿನ ವಿನೆಗರ್ ಅಂತ ಬರೆಯಿರಿ. ಪಣಪುಳಿ ಹಣ್ಣಿನ ರಸ ಕುದಿಸಿ ಮಾಡಿದ್ದು ಅಂತ ಅಲ್ಲಿನ ಕಸ್ಟಮ್ಸ್‌ನವರಿಗೆ ನಿಂತು ವಿವರಿಸೋದಕ್ಕಿಂತ ಅದು ಸುಲಭ.

ಕಾಫಿ ಪುಡಿ, ಕರಿಮೆಣಸು, ಏಲಕ್ಕಿ?

ಹುರಿದ ಕಾಫಿ ಬಹುತೇಕ ಎಲ್ಲಾ ಕಡೆ ಬಿಡ್ತಾರೆ. ಆಗ ತಾನೇ ಹುರಿದು ಪುಡಿ ಮಾಡಿದ್ದನ್ನ ತಕ್ಷಣ ಸೀಲ್ ಮಾಡ್ಬೇಡಿ, ಅದರಿಂದ ಗ್ಯಾಸ್ ಬರ್ತಾ ಇರುತ್ತೆ, ಪ್ಯಾಕೆಟ್ ಉಬ್ಬಿ ಒಡೆಯುತ್ತೆ, ಒಂದು ದಿನ ಬಿಟ್ಟು ಕಟ್ಟಿಸಿ. ಅಮೆರಿಕಕ್ಕೆ ಹೋಗೋವ್ರು ಪುಡಿನ ಕೈಚೀಲದಲ್ಲಿ ಇಡ್ಬೇಡಿ, 350 ಎಂಎಲ್ ಡಬ್ಬಿಗಿಂತ ಜಾಸ್ತಿ ಪುಡಿ ಏನಿದ್ರೂ 2018ರಿಂದ ತೆಗೆಸಿ ಚೆಕ್ ಮಾಡ್ತಾರೆ.

ಹುರಿಯದ ಬೀಜ ಬೇರೆ ಮಾತು. ಮಗ ಅಲ್ಲೇ ಹುರ್ಕೊಳ್ತಾನೆ ಅಂತ ಪಾರ್ಚ್‌ಮೆಂಟೋ (ಸಿಪ್ಪೆ ತೆಗೆದು ಒಣಗಿಸಿದ ಬೀಜ) ಚೆರಿಯೋ (ಹಣ್ಣನ್ನ ಹಾಗೇ ಒಣಗಿಸಿದ್ದು) ಕೊಟ್ಟು ಕಳಿಸೋದು ಬೇಡ, ಅಮೆರಿಕದಲ್ಲೇ ಹವಾಯಿಗೆ ಹಸಿ ಕಾಫಿ ಬೀಜ ಬಿಡಲ್ಲ, ಆಸ್ಟ್ರೇಲಿಯಾದಲ್ಲೂ ನಿಯಮ ಬಿಗಿ. ತೋಟದವರಿಗೆ ಇದು ಅರ್ಥ ಆಗ್ಬೇಕು. ಕಾಫಿ ಹಣ್ಣು ಕೊರೆಯೋ ಬೆರ್ರಿ ಬೋರರ್ ಹುಳ ನಮ್ಮ ದೇಶದಲ್ಲಿ ಮೊದ್ಲು ಕಂಡಿದ್ದು 1990ರಲ್ಲಿ ನೀಲಗಿರಿಯ ಗೂಡಲೂರಲ್ಲಿ, ಅಲ್ಲಿಂದ ನಮ್ಮ ತೋಟಗಳಿಗೆ ಬಂದು ಇವತ್ತಿಗೂ ಬಿಟ್ಟಿಲ್ಲ. ಸಾಸಿವೆ ಕಾಳಿಗಿಂತ ಸಣ್ಣ ಹುಳ ಯಾವುದೋ ಚೀಲದಲ್ಲಿ ಕೂತು ಬಂದು ನಮಗೆ ಏನು ಮಾಡಿದೆ ಅಂತ ನೋಡಿದ್ದೀವಿ, ಬೇರೆಯವರ ತೋಟಕ್ಕೆ ನಾವು ಅದನ್ನ ಹೊತ್ಕೊಂಡು ಹೋಗ್ಬಾರ್ದು.

ಒಣಗಿದ ಮೆಣಸು, ಏಲಕ್ಕಿ ಶುದ್ಧವಾಗಿ ಆರಿಸಿ, ಕಡ್ಡಿ ಎಲೆ ತೆಗೆದು, ಅಂಗಡಿ ಪ್ಯಾಕೆಟ್‌ನಲ್ಲೋ ಸೀಲ್ ಮಾಡಿದ ಕವರ್‌ನಲ್ಲೋ ಇಟ್ಟು, ಇಳಿದಾಗ ಫಾರಂನಲ್ಲಿ ತೋರಿಸಿ. ಮೆಣಸಿನ ಬಳ್ಳಿ ತುಂಡು, ಆರ್ಕಿಡ್, ಕಾಫಿ ಗಿಡ ಒದ್ದೆ ಬಟ್ಟೇಲಿ ಸುತ್ತಿ ಕಳಿಸೋದು ದಯವಿಟ್ಟು ಬೇಡ. ಮಳೆಗಾಲದ ಕಕ್ಕಡ ತಿಂಗಳ 18ನೇ ದಿನ ಅಡಿಗೆಗೆ ಹಾಕೋ ಮದ್ದು ಸೊಪ್ಪು ಕಳಿಸಿ ಅಂತ ಮಕ್ಕಳು ಕೇಳ್ತಾರೆ, ಹಸಿ ಸೊಪ್ಪಿಗೂ ಅದೇ ಉತ್ತರ.

ಅಮೆರಿಕಕ್ಕೆ ಕಡಂಬುಟ್ಟು, ಪಾಪುಟ್ಟಿಗೆ ಅಕ್ಕಿ ತರಿ ಒಯ್ಯಬಹುದಾ?

ಇಲ್ಲ. ಹಬೇಲಿ ಬೇಯಿಸೋ ನಮ್ಮ ಈ ತಿಂಡಿಗಳಿಗೆ ಬೇಕಾದ ತರಿ ಅಲ್ಲಿಗೆ ಬಿಡಲ್ಲ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಖಾಪ್ರಾ ಬೀಟಲ್ ಅನ್ನೋ ಕಾಳಿನ ಹುಳ ಇರೋ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರೋದನ್ನ ಅಮೆರಿಕ 2011ರಿಂದ ನಿಲ್ಲಿಸಿದೆ, ಆ ಪಟ್ಟಿಯಲ್ಲಿ ಇಂಡಿಯಾ ಇದೆ. ಆ ಹುಳದ ಮರಿ ತಿನ್ನೋಕೆ ಏನೂ ಇಲ್ದೆನೂ ಬಹಳ ಕಾಲ ಬದುಕುತ್ತೆ, ಒಂದ್ಸಲ ಗೋಡೌನ್ ಸೇರಿದ್ರೆ ತೆಗೆಯೋದು ಕಷ್ಟ. ನಮ್ಮತ್ತೆ 3 ಕೆಜಿ ತರಿ ತಾವೇ ಒಡೆಸಿ, ಜರಡಿ ಹಿಡಿದು, ಬಟ್ಟೆ ಚೀಲ ಹೊಲಿದು ತಗೊಂಡು ಹೋಗಿದ್ರು, ಫಾರಂನಲ್ಲಿ ಬರೆದಿದ್ದಕ್ಕೆ ದಂಡ ಬೀಳ್ಲಿಲ್ಲ, ಆದ್ರೆ ಚೀಲ ಅಲ್ಲೇ ಡಬ್ಬಕ್ಕೆ ಹೋಯ್ತು. ಅಲ್ಲಿನ ಇಂಡಿಯನ್ ಅಂಗಡೀಲಿ ಇಡ್ಲಿ ರವೆ ಸಿಗುತ್ತೆ, ಅದರಲ್ಲೂ ಕಡಂಬುಟ್ಟು ಆಗುತ್ತೆ. ನೂಪುಟ್ಟು (ಒತ್ತು ಶಾವಿಗೆ) ಒತ್ತೋ ಒರಳು ಮಾತ್ರ ಅಲ್ಲಿ ಸಿಗೋದು ಕಷ್ಟ, ಅದನ್ನ ಧಾರಾಳವಾಗಿ ಒಯ್ಯಿರಿ, ತೂಕ ನೋಡ್ಕೊಂಡು ಚೆಕ್ ಇನ್‌ನಲ್ಲಿ.

ಕರಿಬೇವು ಕೂಡ ಅಮೆರಿಕಕ್ಕೆ ಇಲ್ಲ. ನಮ್ಮ ಕಿತ್ತಳೆ ಗಿಡಗಳನ್ನ ಒಣಗಿಸಿದ ಗ್ರೀನಿಂಗ್ ರೋಗ ಇದೆಯಲ್ಲ, ಅದನ್ನ ಹರಡೋ ಹುಳ ಕರಿಬೇವಿನ ಎಲೇಲೂ ಕೂರುತ್ತೆ. ಕಿತ್ತಳೆ ಹಣ್ಣಂತೂ ಬೇಡವೇ ಬೇಡ, ದಾರೀಲಿ ತಿನ್ನೋಕೆ ಅಂತ ಇಟ್ಟಿದ್ದು ಉಳಿದ್ರೆ ಇಳಿಯೋಕೆ ಮುಂಚೆ ತಿಂದು ಮುಗಿಸಿ ಸಿಪ್ಪೆ ವಿಮಾನದಲ್ಲೇ ಬಿಟ್ಟು ಹೋಗಿ.

ಪಂದಿ ಉಪ್ಪಿನಕಾಯಿ, ಒಣಗಿಸಿದ ಮಾಂಸ?

ಅಮೆರಿಕ, ಯುರೋಪ್, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಯಾವುದಕ್ಕೂ ಬೇಡ. ಬೇಯಿಸಿದ್ದು, ಎಣ್ಣೆಲಿ ಮುಳುಗಿಸಿದ್ದು ಅಂತ ಹೇಳಿದ್ರೂ ನಡೆಯಲ್ಲ. ಯುರೋಪ್ ಮತ್ತು ಬ್ರಿಟನ್‌ಗೆ ಹಾಲಿನ ಪದಾರ್ಥ ಕೂಡ ಒಯ್ಯಂಗಿಲ್ಲ, ತುಪ್ಪ, ಪೇಡ ಎಲ್ಲಾ ಅದರಲ್ಲೇ ಬಂತು. ಗಲ್ಫ್‌ಗೆ ಹಂದಿ ಮಾಂಸ ಕಳಿಸೋ ಯೋಚನೆನೇ ಮಾಡ್ಬೇಡಿ. ಮಸಾಲೆ ಪುಡಿ ಹುರಿದು ಕಪ್ಪಗೆ ಮಾಡಿ ಕಳಿಸಿ, ಮಾಂಸ ಅಲ್ಲಿ ಸಿಗೋ ದೇಶದಲ್ಲಿ ಅವರೇ ತಗೊಂಡು ಮಾಡ್ಕೊಳ್ತಾರೆ. ಮಾವಿನಕಾಯಿ, ನಿಂಬೆ, ಕಣಿಲೆ (ಎಳೆ ಬಿದಿರು) ಉಪ್ಪಿನಕಾಯಿ ಆದ್ರೆ ಚೆಕ್ ಇನ್‌ನಲ್ಲಿ ಕಾಚಂಪುಳಿ ಥರಾನೇ ಕಟ್ಟಿ, ಇಳಿದಾಗ ತೋರಿಸಿ.

ದುಬೈ ಕಡೆ ಹೋಗೋವ್ರಿಗೆ ಏನಾದ್ರೂ ವಿಶೇಷ?

ಗಸಗಸೆ. ನಮ್ಮ ಕುರ್ಮಕ್ಕೆ, ಕೋಳಿ ಸಾರಿಗೆ ಹಾಕೋ ಬರೀ ಗಸಗಸೆ ಯುಎಇ, ಸೌದಿ, ಕತಾರ್‌ನಲ್ಲಿ ಮಾದಕ ವಸ್ತು ಲೆಕ್ಕ, ಜೈಲು ಶಿಕ್ಷೆ ತನಕ ಹೋಗುತ್ತೆ. ಸಿಂಗಾಪುರದಲ್ಲೂ ಬಿಡಲ್ಲ. ಬೇರೆ ಪ್ಯಾಕೆಟ್ ಅಷ್ಟೇ ಅಲ್ಲ, ರುಬ್ಬಿದ ಮಸಾಲೇಲಿ ಇದ್ರೂ ತೊಂದರೆನೇ, ಹಾಗಾಗಿ ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಪುಡೀಲಿ ಏನೇನಿದೆ ಅಂತ ಬಾಯಿ ಬಿಟ್ಟು ಕೇಳಿ. ವೀಳ್ಯದೆಲೆ, ಗುಟ್ಕಾ ಕೂಡ ಯುಎಇಗೆ ನಿಷೇಧ.

ಮಾತ್ರೆ ವಿಷ್ಯದಲ್ಲೂ ಇದೇ ಎಚ್ಚರ ಬೇಕು. ಟ್ರಮಡಾಲ್ ಇರೋ ನೋವಿನ ಮಾತ್ರೆ, ಕೋಡೀನ್ ಇರೋ ಕೆಮ್ಮಿನ ಸಿರಪ್ ಅಲ್ಲಿ ನಿಯಂತ್ರಣದಲ್ಲಿರೋ ಔಷಧಿ, ಮುಂಚೆನೇ ಅಲ್ಲಿನ ಆರೋಗ್ಯ ಇಲಾಖೆಯಿಂದ ಆನ್‌ಲೈನ್ ಅನುಮತಿ ತಗೋಬೇಕು. ಇಲ್ಲಿ ಮೆಡಿಕಲ್ ಶಾಪಲ್ಲಿ ಕೊಟ್ಟಿದ್ದು ಅನ್ನೋ ಮಾತು ಅಲ್ಲಿ ಕೇಳಿಸ್ಕೊಳ್ಳಲ್ಲ. ಇನ್ನೊಬ್ಬರ ಪಾರ್ಸೆಲ್, ಅದು ಪಕ್ಕದ ಮನೆಯವರ ಮಗನಿಗೇ ಇರ್ಲಿ, ತೆಗೆದು ನೋಡದೆ ಬ್ಯಾಗ್‌ಗೆ ಹಾಕ್ಬೇಡಿ. ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಶೂ ತೊಳ್ಕೊಂಡು ಹೋಗ್ಬೇಕು ಅಂತಾರೆ, ನಿಜನಾ?

ನಿಜ, ಅದ್ರಲ್ಲೂ ನಮಗೆ. ಆಸ್ಟ್ರೇಲಿಯಾದಲ್ಲಿ ಇಳಿದಾಗ ತುಂಬೋ ಕಾರ್ಡ್‌ನಲ್ಲಿ ಕಳೆದ 30 ದಿನದಲ್ಲಿ ಫಾರ್ಮ್, ಸಾಕುಪ್ರಾಣಿ, ಕಾಡು ಇವುಗಳ ಸಂಪರ್ಕ ಇತ್ತಾ ಅಂತ ಕೇಳ್ತಾರೆ. ಮನೆ ಬಾಗಿಲು ತೆಗೆದ್ರೆ ತೋಟ, ಹಿಂದೆ ಹಸುವಿನ ಕೊಟ್ಟಿಗೆ ಇರೋ ನಾವು ಹೌದು ಅಂತಾನೇ ಬರೀಬೇಕು. ಹೌದು ಅಂದ್ರೆ ತಪ್ಪೇನಿಲ್ಲ, ಶೂ ನೋಡಿ ಬಿಡ್ತಾರೆ. ಇಲ್ಲ ಅಂತ ಬರೆದು ಶೂ ಅಡಿಯಲ್ಲಿ ಕೆಂಪು ಮಣ್ಣು ಸಿಕ್ಕಿದ್ರೆ ಆಗ ಕಷ್ಟ.

ಹೊರಡೋ ವಾರ ಮುಂಚೆನೇ ಶೂ ತಳ ಹಳೆ ಹಲ್ಲಿನ ಬ್ರಷ್‌ಲಿ ಉಜ್ಜಿ, ಸಂದೀಲಿ ಕೂತಿರೋ ಮಣ್ಣು, ಗೊಬ್ಬರ, ಹುಲ್ಲಿನ ಬೀಜ ಕಡ್ಡೀಲಿ ತೆಗೆದು, ಒಣಗಿಸಿ, ಕವರ್‌ಗೆ ಹಾಕಿ ಇಟ್ಬಿಡಿ, ಮತ್ತೆ ಅಂಗಳಕ್ಕೆ ಹಾಕ್ಕೊಂಡು ಹೋಗ್ಬೇಡಿ. ಸೂಟ್‌ಕೇಸ್ ಚಕ್ರ, ಊರುಗೋಲಿನ ತುದಿ, ಛತ್ರಿ, ಮಗುವಿನ ತಳ್ಳುಗಾಡಿ, ಇವನ್ನೂ ನೋಡಿ.

ಜೇನು ನ್ಯೂಜಿಲೆಂಡ್‌ಗೆ ಒಂದು ಚಮಚನೂ ಬಿಡಲ್ಲ. ಅಲ್ಲಿ ಮರೆತು ಹೇಳದೇ ಇದ್ದ ಒಂದು ಹಣ್ಣಿಗೂ ನಿಂತಲ್ಲೇ 400 ಡಾಲರ್ ದಂಡ. ಅನುಮಾನ ಇದ್ರೆ ಹೇಳಿಬಿಡಿ, ಹೇಳಿದ್ರೆ ಹೆಚ್ಚಂದ್ರೆ ಸಾಮಾನು ಹೋಗುತ್ತೆ.

ಮನೇಲಿ ಮಾಡಿದ ವೈನ್?

ಬಿಟ್ಟು ಹೋಗಿ. ಲೇಬಲ್ ಇಲ್ಲ, ಎಷ್ಟು ಪರ್ಸೆಂಟ್ ಅಂತ ಹೇಳೋಕಾಗಲ್ಲ, ಇನ್ನೂ ಹುಳಿಯೇಳ್ತಾ ಇದ್ರೆ ಬಾಟಲ್ ಬಿರಡೆನೇ ಹಾರುತ್ತೆ. ಕುವೈತ್, ಸೌದಿ, ಶಾರ್ಜಾ ಆದ್ರೆ ಕಾನೂನಿನ ತೊಂದರೆ ಬೇರೆ.

ಅಲ್ಲೊಂದು ಮದುವೆ ಇದೆ. ಕುಪ್ಯಚೇಲೆ, ಪೀಚೆಕತ್ತಿ, ಒಡವೆ ಎಲ್ಲಾ ಹೇಗೆ ಒಯ್ಯೋದು?

ಕುಪ್ಯ (ಗಂಡಸರ ಉದ್ದ ಕೋಟು) ಮಡಚಿ ಇಡೋಕೆ ಹೋದ್ರೆ ಗೆರೆ ಬೀಳುತ್ತೆ, ಒಳಗಡೆ ತಿರುಗಿಸಿ ಮೆತ್ತನೆ ಬಟ್ಟೆ ಮೇಲೆ ಸುರುಳಿ ಸುತ್ತಿ. ಚೇಲೆ (ಸೊಂಟದ ಪಟ್ಟಿ) ಬೇರೆ ಹತ್ತಿ ಬಟ್ಟೇಲಿ, ಕೆಂಪು ಬಣ್ಣ ಬೇರೆಯದಕ್ಕೆ ತಾಗದ ಹಾಗೆ.

ಸೊಂಟಕ್ಕೆ ಸಿಕ್ಕಿಸೋ ಪೀಚೆಕತ್ತಿ ಕೈಚೀಲದಲ್ಲಿ ಯಾವ ಕಾರಣಕ್ಕೂ ಬೇಡ, ಅಲಂಕಾರಕ್ಕೆ, ಬೆಳ್ಳಿದು, ಹರಿತ ಇಲ್ಲ ಏನೇ ಹೇಳಿದ್ರೂ ಸೆಕ್ಯುರಿಟೀಲಿ ಬಿಟ್ಟು ಬರ್ಬೇಕಾಗುತ್ತೆ. ಅಜ್ಜನ ಕಾಲದ್ದನ್ನ ಹಾಗೆ ಕಳ್ಕೊಂಡ್ರೆ ಎಷ್ಟು ದುಡ್ಡು ಕೊಟ್ರೂ ವಾಪಸ್ ಬರುತ್ತಾ? ಚೆಕ್ ಇನ್‌ನಲ್ಲಿ, ಒರೆಗೆ ಹಾಕಿ ಗಟ್ಟಿ ಡಬ್ಬೀಲಿ ಕಟ್ಟಿ, ಏರ್‌ಲೈನ್ಸ್‌ಗೆ ಮುಂಚೆ ತಿಳಿಸಿ. ಅಲ್ಲಿ ಹಾಲ್ ಹೊರಗೆ, ರಸ್ತೇಲಿ ಅದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡೋಕೆ ಎಷ್ಟೋ ದೇಶದಲ್ಲಿ ಕಾನೂನು ಅಡ್ಡ ಬರುತ್ತೆ, ಬ್ರಿಟನ್‌ನಲ್ಲಂತೂ ಬಹಳ ಬಿಗಿ. ನನ್ನನ್ನ ಕೇಳಿದ್ರೆ ಹಳೇದು ಮನೇಲೇ ಇರ್ಲಿ, ಅಲ್ಲಿನ ನಮ್ಮವರ ಹತ್ರ ಇದ್ರೆ ಅದನ್ನೇ ಒಂದು ದಿನಕ್ಕೆ ಇಸ್ಕೊಳ್ಳಿ.

ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಥರ ತೂಕದ ಚಿನ್ನ ಕೈಚೀಲದಲ್ಲೇ ಇರ್ಬೇಕು. ಹೊರಡೋ ದಿನ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ವಾಪಸ್ ಬರೋವಾಗ ಇದು ನಿಮ್ಮದೇ, ಇಲ್ಲಿಂದಲೇ ಹೋಗಿದ್ದು ಅಂತ ಸಾಬೀತು ಮಾಡೋದು ನಿಮ್ಮ ಮೇಲೆ ಬೀಳುತ್ತೆ. ಚೆಕ್ ಇನ್ ಸಾಲಿಗೆ ನಿಲ್ಲೋಕೆ ಮುಂಚೆನೇ ಆ ಕೌಂಟರ್ ಎಲ್ಲಿದೆ ಅಂತ ಕೇಳಿ, ಒಡವೆಯ ಫೋಟೋ, ಬಿಲ್ಲು, ತೂಕದ ಚೀಟಿ ಜೊತೇಲಿರ್ಲಿ.

ತೂಕ ಎಷ್ಟು, ಮನೇಲಿ ತೂಗೋದು ಹೇಗೆ?

ಟಿಕೆಟ್ ಮೇಲೆ ಬರೆದಿರೋದೇ ಕೊನೆ ಮಾತು. ಸಾಮಾನ್ಯವಾಗಿ ಕೈಚೀಲ 7 ಕೆಜಿ, ಅಮೆರಿಕ ಕಡೆ 23 ಕೆಜಿಯ ಬ್ಯಾಗ್ ಲೆಕ್ಕ, ಗಲ್ಫ್ ಕಡೆ ಒಟ್ಟು ಕೆಜಿ ಲೆಕ್ಕ. ಒಂದೇ ಬ್ಯಾಗ್ 32 ಕೆಜಿ ದಾಟಿದ್ರೆ ದುಡ್ಡು ಕೊಟ್ರೂ ತಗೊಳ್ಳಲ್ಲ. ಕಾಫಿ ತೂಗೋ ಕೊಕ್ಕೆ ತಕ್ಕಡಿ ಎಲ್ಲರ ಮನೇಲೂ ಇದೆ, ಅದಕ್ಕೇ ನೇತುಹಾಕಿ ನೋಡಿ, ಆದ್ರೆ ಅದು ಒಂದು ಕೆಜಿ ಆಕಡೆ ಈಕಡೆ ಇರುತ್ತೆ, 22ಕ್ಕೆ ನಿಲ್ಲಿಸಿ.

ಕೈಚೀಲದಲ್ಲಿ ಏನು?

ದೊಡ್ಡ ಬ್ಯಾಗ್ ಎರಡು ದಿನ ಬರದೇ ಇದ್ರೆ ಏನಿಲ್ದೆ ಇರೋಕಾಗಲ್ಲ, ಅದೆಲ್ಲಾ ಇದ್ರಲ್ಲಿ. ಒಂದು ಜೊತೆ ಬಟ್ಟೆ, ಕನ್ನಡಕ, ಬಿಪಿ ಶುಗರ್ ಮಾತ್ರೆ ಪೂರ್ತಿ, ಡಾಕ್ಟರ್ ಚೀಟಿ, ಅದರಲ್ಲಿ ಕಂಪನಿ ಹೆಸರಲ್ಲ ಔಷಧಿ ಹೆಸರೇ ಇರ್ಬೇಕು. ಮಾತ್ರೆ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕ್ಬೇಡಿ. ಇನ್ಸುಲಿನ್ ಯಾವತ್ತೂ ಕೈಚೀಲದಲ್ಲೇ, ಕೆಳಗಿನ ಗೂಡಲ್ಲಿ ಹೆಪ್ಪುಗಟ್ಟಿದ್ರೆ ಕೆಟ್ಟುಹೋಗುತ್ತೆ.

ಪವರ್ ಬ್ಯಾಂಕ್ ಕೈಚೀಲಕ್ಕೆ ಮಾತ್ರ, ಚೆಕ್ ಇನ್‌ಗೆ ಬೇಡ, ಬೆಂಕಿ ಹತ್ಕೊಂಡ್ರೆ ಅಲ್ಲಿ ನೋಡೋವ್ರಿಲ್ಲ. 100 ವ್ಯಾಟ್ ಅವರ್ ತನಕ ಸರಿ, 20,000 ಎಂಎಎಚ್‌ದು ಸುಮಾರು 74 ಬರುತ್ತೆ. ಎಷ್ಟೋ ಏರ್‌ಲೈನ್ಸ್ ಈಗ ವಿಮಾನದಲ್ಲಿ ಅದನ್ನ ಬಳಸೋಕೂ ಬಿಡಲ್ಲ, ಸೀಟ್ ಹತ್ರನೇ ಇಟ್ಕೊಳ್ಳಿ.

ಪೂಜೆ ಸಾಮಾನಲ್ಲಿ ಕರ್ಪೂರ, ಬೆಂಕಿಪೊಟ್ಟಣ, ಲೈಟರ್, ಕೊಬ್ಬರಿ ಎರಡೂ ಬ್ಯಾಗಲ್ಲಿ ಬೇಡ. ಕೊಬ್ಬರಿ ಯಾಕೆ ಅಂತ ಕೇಳ್ತಾರೆ, ಅದರಲ್ಲಿ ಎಣ್ಣೆ ಇರೋದ್ರಿಂದ ತಾನೇ ಬಿಸಿಯಾಗಿ ಹೊತ್ಕೊಳ್ಳೋ ಪದಾರ್ಥಗಳ ಪಟ್ಟೀಲಿ ಇದೆ.

ಮಿಕ್ಸಿ ತಗೊಂಡು ಹೋಗ್ಲಾ?

ಅಮೆರಿಕ, ಕೆನಡಾಕ್ಕೆ ಬೇಡ, ಅಲ್ಲಿ 120 ವೋಲ್ಟ್, ನಮ್ಮ 230 ವೋಲ್ಟ್ ಮಿಕ್ಸಿ ನರಳುತ್ತೆ ಅಷ್ಟೇ. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಎಲ್ಲಾ ಕಡೆ ನಡೆಯುತ್ತೆ, ಪಿನ್ ಮಾತ್ರ ಬೇರೆ. ಬ್ರಿಟನ್, ಯುಎಇ, ಸಿಂಗಾಪುರ, ಮಲೇಷ್ಯಾಕ್ಕೆ ಒಂದೇ ಥರ ಮೂರು ಚಪ್ಪಟೆ ಪಿನ್. ಅಡಾಪ್ಟರ್ ಇಲ್ಲೇ ತಗೊಳ್ಳಿ.

ನಮಗೆ ಚಳಿ ಅಭ್ಯಾಸ ಇದೆಯಲ್ಲ, ಸ್ವೆಟರ್ ಸಾಕಾಗಲ್ವಾ?

ಮಡಿಕೇರಿಯ ಮಂಜಿನ ಚಳಿ ಬೇರೆ, ಕೆನಡಾದಲ್ಲಿ ಸೊನ್ನೆಗಿಂತ ಕೆಳಗಿನ ಚಳಿ ಬೇರೆ. ಒಂದು ದಪ್ಪ ಸ್ವೆಟರ್‌ಗಿಂತ ತೆಳುವಾದ ಮೂರು ಪದರ ಒಳ್ಳೇದು, ಮೈಗೆ ಅಂಟೋ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯೋ ಜಾಕೆಟ್. ದೊಡ್ಡ ಕೋಟು ಅಲ್ಲೇ ತಗೊಳ್ಳಿ. ಟೋಪಿ, ಗ್ಲೌಸ್ ಮಾತ್ರ ಕೈಚೀಲದಲ್ಲಿರ್ಲಿ, ಏರ್‌ಪೋರ್ಟ್ ಬಾಗಿಲಿಂದ ಕಾರ್ ತನಕ ನಡೆಯೋವಾಗ್ಲೇ ಬೇಕಾಗುತ್ತೆ.

ದುಡ್ಡು, ಸಿಮ್?

ರೂಪಾಯಿ ನೋಟು 25,000 ತನಕ ಒಯ್ಯಬಹುದು, ಡಾಲರ್ ನೋಟು ಒಂದು ಪ್ರಯಾಣಕ್ಕೆ 3,000 ತನಕ, ಜಾಸ್ತಿ ಬೇಕಾದ್ರೆ ಫಾರೆಕ್ಸ್ ಕಾರ್ಡ್. ನಮ್ಮ ಸಿಮ್ ತೆಗೆದು ಡ್ರಾಯರ್‌ನಲ್ಲಿ ಇಟ್ಟು ಹೋಗ್ಬೇಡಿ, ಬ್ಯಾಂಕ್ ಓಟಿಪಿ ಅದಕ್ಕೇ ಬರೋದು, ರೋಮಿಂಗ್ ಇಲ್ಲಿದ್ದಾಗಲೇ ಆನ್ ಮಾಡಿಸಿ.

ಅಪ್ಪ ಅಮ್ಮ ಮೊದಲ್ನೇ ಸಲ ಇಬ್ಬರೇ ಹೋಗ್ತಿದ್ದಾರೆ. ಅವರ ಬ್ಯಾಗಲ್ಲಿ ಇನ್ನೇನು ಇಡ್ಲಿ?

ಒಂದು ಗಟ್ಟಿ ರಟ್ಟಿನ ಕಾರ್ಡ್. ಅದರಲ್ಲಿ ಇಂಗ್ಲಿಷ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಮಗನದೋ ಮಗಳದೋ ವಿಳಾಸ, ಫೋನ್ ನಂಬರ್, ಎಷ್ಟು ದಿನ ಇರ್ತಾರೆ, ಬ್ಯಾಗಲ್ಲಿ ಏನೇನು ತಿಂಡಿ ಇದೆ, ಯಾವ ಕಾಯಿಲೆಗೆ ಯಾವ ಮಾತ್ರೆ. ಹಿಂಬದೀಲಿ ಅದೇ ಕನ್ನಡದಲ್ಲಿ, ಅವರಿಗೇ ಅರ್ಥ ಆಗೋಕೆ. ಫೋನ್ ಚಾರ್ಜ್ ಹೋದ್ರೂ ಆ ಕಾರ್ಡ್ ಇರುತ್ತೆ. ಅಮ್ಮನ ಹತ್ರ ಒಂದು, ಅಪ್ಪನ ಹತ್ರ ಒಂದು, ಇಬ್ಬರೂ ಬೇರೆ ಸಾಲಿಗೆ ಹೋಗಿಬಿಡಬಹುದು. ದೊಡ್ಡ ಬ್ಯಾಗ್‌ಗೆ ಬಣ್ಣದ ಬಟ್ಟೆ ಪಟ್ಟಿ ಕಟ್ಟಿ ಫೋಟೋ ತೆಗೆದಿಡಿ, ಬೆಲ್ಟ್ ಮೇಲೆ ನೂರು ಕಪ್ಪು ಸೂಟ್‌ಕೇಸ್ ಬರುತ್ತೆ. ವೀಲ್‌ಚೇರ್ ಬೇಕಾದ್ರೆ 48 ಗಂಟೆ ಮುಂಚೆ ಏರ್‌ಲೈನ್ಸ್‌ಗೆ ಹೇಳಿ, ಮಂಡಿನೋವಿರೋ ಅಮ್ಮಂದಿರು ಸಂಕೋಚ ಮಾಡ್ಕೋಬಾರ್ದು.

ಯಾವ ಏರ್‌ಪೋರ್ಟ್, ಮನೆಯಿಂದ ಎಷ್ಟು ಬೇಗ ಹೊರಡ್ಬೇಕು?

ನಮ್ಮ ಜಿಲ್ಲೇಲಿ ರೈಲೂ ಇಲ್ಲ ವಿಮಾನಾನೂ ಇಲ್ಲ, ಹಾಗಾಗಿ ಎಲ್ಲದಕ್ಕೂ ಘಾಟಿ ಇಲ್ಲಾ ಕಾಡು ದಾಟ್ಬೇಕು. ವಿರಾಜಪೇಟೆ ಕಡೆಯವರಿಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ಏರ್‌ಪೋರ್ಟ್ ಹತ್ರ, ಮಾಕುಟ್ಟ, ಇರಿಟ್ಟಿ, ಮಟ್ಟನ್ನೂರು ದಾರಿ, ಗಲ್ಫ್‌ಗೆ ಹೋಗೋವ್ರಿಗೆ ಅನುಕೂಲ. ಮಡಿಕೇರಿ, ಸಂಪಾಜೆ ಕಡೆಯವರಿಗೆ ಮಂಗಳೂರು. ಉಳಿದ ದೂರದ ದೇಶಗಳಿಗೆ ಬೆಂಗಳೂರು, ಅಲ್ಲಿ ಇಂಟರ್‌ನ್ಯಾಷನಲ್ ಫ್ಲೈಟ್ 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿ. ಮೈಸೂರಿಂದ ಕೆಎಸ್ಆರ್‌ಟಿಸಿ ಫ್ಲೈಬಸ್ ಇದೆ.

ಮಳೆಗಾಲದಲ್ಲಿ ಮಾಕುಟ್ಟ ಘಾಟಿ, ಸಂಪಾಜೆ ಘಾಟಿ ಎರಡನ್ನೂ ನಂಬಿ ಕೂರ್ಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆನೇ ಇಲ್ದಂಗಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್ ಆದ್ರೆ ಹಿಂದಿನ ದಿನವೇ ಘಾಟಿ ಇಳಿದು ಅಲ್ಲೇ ಉಳ್ಕೊಳ್ಳಿ. ಬೆಂಗಳೂರಿಗೂ ಅಷ್ಟೇ, ಆನೆಚೌಕೂರು ಹತ್ರ ರಾತ್ರಿ ಆನೆ ರಸ್ತೇಲಿ ನಿಂತ್ರೆ ಅದು ಹೋಗೋ ತನಕ ಕಾಯ್ಬೇಕು, ಹಾರ್ನ್ ಮಾಡಂಗಿಲ್ಲ, ಆ ಒಂದೆರಡು ಗಂಟೆ ಲೆಕ್ಕದಲ್ಲಿ ಇಟ್ಕೊಂಡೇ ಹೊರಡಿ. ಜೀಪಿನ ಮೇಲೆ ಬ್ಯಾಗ್ ಕಟ್ಟೋದಾದ್ರೆ ಟಾರ್ಪಾಲಿನ್ ಅಡಿಯಿಂದಲೂ ಸುತ್ತಿ ಬನ್ನಿ, ನೀರು ಬರೋದು ಕೆಳಗಿಂದ. ಪಾಸ್‌ಪೋರ್ಟ್ ಇರೋ ಚೀಲ ಮಾತ್ರ ಮೇಲೂ ಬೇಡ, ಡಿಕ್ಕೀಲೂ ಬೇಡ, ಹೊರಟಲ್ಲಿಂದ ತಲುಪೋ ತನಕ ಮಡಿಲಲ್ಲೇ ಇರ್ಲಿ.